ಕಂಪ್ಯೂಟರಿಗೆ ಸೂತಕ

ನಮ್ಮೂರಿನಲ್ಲಿ ಕಂಪ್ಯೂಟರ್ ಆನ್ ಆಗಲಿಲ್ಲವೆಂದರೆ ಯಾರೂ ಪ್ಲಗ್ ನೋಡುವುದಿಲ್ಲ. "ಯಾರು ಹೋದ್ರು?" ಎಂದು ಕೇಳುತ್ತಾರೆ. ಮಿಕ್ಸಿ ನಿಂತರೂ ಅಷ್ಟೇ, ಫ್ಯಾನು ನಿಂತರೂ ಅಷ್ಟೇ. ಒಂದು ಯಂತ್ರದ ಸ್ವಿಚ್ಚನ್ನು ಯಾರು ತಮ್ಮ ಬೆರಳಿನಿಂದ ಒತ್ತಿದ್ದಾರೋ ಅವರು ಎಲ್ಲಿ ಸತ್ತರೂ ಆ ಯಂತ್ರ ಸೂತಕ ಹಿಡಿಯುತ್ತದೆ. ತಿಥಿ ಊಟ ಮುಗಿದು ಎಲೆ ಎತ್ತುವವರೆಗೆ ಜಪ್ಪಯ್ಯ ಅಂದರೂ ಏಳುವುದಿಲ್ಲ. ಎಲೆ ಎತ್ತಿದ ಮೇಲೆ ಏನೂ ಆಗಿಲ್ಲವೆಂಬಂತೆ ತಿರುಗಲು ಶುರು ಮಾಡುತ್ತದೆ.

ಬೇರೆ ಊರಿನವರು ಇದನ್ನು ಕೇಳಿ ಬಾಯಿ ಬಿಡುತ್ತಾರೆ. ನಮಗೆ ಅದು ಬಾಯಿ ಬಿಡುವ ಸಂಗತಿಯಲ್ಲ, ಬರೀ ತಲೆನೋವು. ಪ್ರತಿ ಮನೆಯಲ್ಲೂ ಸ್ವಿಚ್ ಬೋರ್ಡಿನ ಪಕ್ಕ ಒಂದು ಬಿದಿರು ಕಡ್ಡಿ ನೇತು ಹಾಕಿರುತ್ತಾರೆ. ಬಂದ ನೆಂಟರಿಗೆ ಸೆಕೆಯಾದರೆ ಆ ಕಡ್ಡಿಯ ತುದಿಯಿಂದಲೇ ಫ್ಯಾನು ಹಾಕಿಕೊಳ್ಳಬೇಕು, ಕಡ್ಡಿಯಿಂದ ಒತ್ತಿದ್ದು ಲೆಕ್ಕಕ್ಕಿಲ್ಲ. ಸೊಸೆಯ ಮೇಲೆ ಸಿಟ್ಟು ಬಂದ ಮುದುಕಿಯರು ಎದ್ದು ಬಂದು ಮಿಕ್ಸಿ, ಗ್ರೈಂಡರು, ವಾಷಿಂಗ್ ಮೆಷಿನ್ನು ಎಲ್ಲದರ ಸ್ವಿಚ್ಚನ್ನೂ ಒಂದೊಂದು ಸಲ ಬೆರಳಲ್ಲಿ ಒತ್ತಿ, "ನಾನು ಹೋದಾಗ ಗೊತ್ತಾಗುತ್ತೆ ನಿಂಗೆ" ಎಂದು ಹೋಗಿ ಮಲಗುತ್ತಾರೆ. ಗಿರಣಿ ಕಾಳಯ್ಯನವರ ಹಿಟ್ಟಿನ ಗಿರಣಿ ಒಮ್ಮೆ ರಾಗಿಯ ಸುಗ್ಗಿಯಲ್ಲೇ ನಿಂತು, ಊರಿಗೂರೇ ಮುದ್ದೆಯಿಲ್ಲದೆ ಅನ್ನ ತಿನ್ನಬೇಕಾಯಿತು. ಆಮೇಲೆ ಗೊತ್ತಾಯಿತು, ಗಿರಣಿಯ ಉದ್ಘಾಟನೆಗೆ ಬಂದು ಗುಂಡಿ ಒತ್ತಿದ್ದ ಯಾರೋ ಸಾಹೇಬರು ಎಲ್ಲೋ ದೂರದಲ್ಲಿ ತೀರಿಕೊಂಡಿದ್ದರು. ಅಲ್ಲಿಂದೀಚೆಗೆ ನಮ್ಮೂರಿನಲ್ಲಿ ಉದ್ಘಾಟನೆಗೆ ವಯಸ್ಸಾದವರನ್ನು ಕರೆಯುವುದಿಲ್ಲ.

ಇದೆಲ್ಲ ಇರಲಿ. ನನಗೆ ಮೈ ಉರಿಯುವುದು ಬೇರೆಯದಕ್ಕೆ. ಯಂತ್ರ ಅಂದಮೇಲೆ ಸುಮ್ಮನೆ ಕೆಟ್ಟೂ ಹೋಗಬಹುದು ಎಂಬುದೇ ಈ ಊರಿನವರಿಗೆ ಮರೆತುಹೋಗಿದೆ. ವೈರು ಇಲಿ ಕಡಿದಿದ್ದರೂ ಸರಿ, "ಪಾಪ, ಯಾರೋ ಹೋಗಿರಬೇಕು" ಎಂದು ಅದರ ಮೇಲೊಂದು ಟವೆಲ್ ಹೊದಿಸಿ, ಕೈ ಮುಗಿದು ಕೂರುತ್ತಾರೆ. ಇಂಥ ಊರಿನಲ್ಲಿ ನಾನು ಕಂಪ್ಯೂಟರ್ ಇಟ್ಟುಕೊಂಡು ಹೊಟ್ಟೆ ಹೊರೆಯಬೇಕು.

ಬಸ್ ನಿಲ್ದಾಣದ ಎದುರು ನಮ್ಮದೊಂದು ಡಿ.ಟಿ.ಪಿ. ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಮದುವೆ ಪತ್ರಿಕೆ, ಗೃಹಪ್ರವೇಶದ ಪತ್ರಿಕೆ, ಅರ್ಜಿ, ಕರಪತ್ರ ಎಲ್ಲ ಟೈಪ್ ಮಾಡುವವಳು ನಾನು, ವನಜ. ಅಂಗಡಿ ಶುರು ಮಾಡಿದ್ದು ನನ್ನ ಅಕ್ಕ ಅಂಬುಜಳ ಗಂಡ, ಜಯಶೀಲ ಭಾವ. ಬೋರ್ಡಿನ ಮೇಲೆ ಈಗಲೂ ಅವರ ಹೆಸರೇ ಇದೆ. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಪ್ರಿಂಟರಿನ ಟೋನರ್, ಅಂದರೆ ಶಾಯಿಪುಡಿ, ಮುಗಿಯಿತು. "ಪೇಟೆಗೆ ಹೋಗಿ ಟೋನರ್ ತಂದುಬಿಡ್ತೀನಿ, ಊಟದ ಹೊತ್ತಿಗೆ ಬಂದೆ" ಎಂದು ಬಸ್ಸು ಹತ್ತಿದವರು ಇವತ್ತಿನವರೆಗೂ ಬಂದಿಲ್ಲ. ಫೋನು ಅಂದು ಸಂಜೆಯೇ ಸ್ವಿಚ್ ಆಫ್. ಹುಡುಕುವಷ್ಟು ಹುಡುಕಿದೆವು. ಯಾವುದೋ ಊರಿನ ಹೋಟೆಲಿನಲ್ಲಿ ಮಸಾಲೆ ದೋಸೆ ತಿನ್ನುತ್ತಾ ಕೂತಿದ್ದರು, ನೋಡಿದೆ, ಎಂದು ಒಬ್ಬರು ಬಂದು ಹೇಳಿದರು. ಅಕ್ಕ ನಂಬಲಿಲ್ಲ. "ಅವರಿಗೆ ದೋಸೆ ಸೇರಲ್ಲ" ಎಂದಳು. ನನಗೆ ಗೊತ್ತಿದ್ದ ಹಾಗೆ ಅವರಿಗೆ ಸೇರದ ತಿಂಡಿಯೇ ಇರಲಿಲ್ಲ.

ಊರಿನವರು ಒಂದು ವಾರ ಅಯ್ಯೋ ಪಾಪ ಎಂದರು. ಆಮೇಲೆ ಗಿರಣಿ ಕಾಳಯ್ಯನವರು ಒಂದು ದಿನ ಹಿಟ್ಟು ತೂಗುತ್ತಾ ಅಕ್ಕನನ್ನು "ಏನಮ್ಮ ಅಂಬುಜ, ಟೋನರ್ ಬಂತಾ?" ಎಂದು ಕೇಳಿದರಂತೆ. ಸುತ್ತ ನಿಂತಿದ್ದವರೆಲ್ಲ ನಕ್ಕರಂತೆ. ಅಷ್ಟೇ, ಅದು ಊರಿನ ಮಾತಾಗಿ ಹೋಯಿತು. ಬಸ್ಸು ತಡವಾದರೆ "ಡ್ರೈವರು ಟೋನರ್ ತರಕ್ಕೆ ಹೋಗವ್ನೆ" ಎನ್ನುವುದು, ಮದುವೆಗೆ ಗಂಡಿನ ಕಡೆಯವರು ತಡವಾಗಿ ಬಂದರೆ "ಟೋನರ್ ಸಿಗ್ಲಿಲ್ವಾ?" ಎನ್ನುವುದು. ಅಕ್ಕ ತರಕಾರಿಗೆ ಹೋದರೂ, ಹೂವಿಗೆ ಹೋದರೂ ಒಬ್ಬರಾದರೂ ಅದನ್ನು ಕೇಳಿಯೇ ಕೇಳುವರು. ಅವಳು ತಲೆ ತಗ್ಗಿಸಿ "ಬರುತ್ತೆ" ಎಂದು ನಕ್ಕು ಮುಂದೆ ಹೋಗುವಳು. ಆ ನಗು ನೋಡಿದರೆ ನನಗೆ ಅವರನ್ನು ಹೊಡೆಯಬೇಕೋ ಇವಳನ್ನು ಹೊಡೆಯಬೇಕೋ ತಿಳಿಯುತ್ತಿರಲಿಲ್ಲ.

ಭಾವ ಮನೆಯಲ್ಲಿ ಮಹಾ ಸೋಮಾರಿ. ಒಂದು ಫ್ಯಾನಿನ ಸ್ವಿಚ್ ಒತ್ತಿದವರಲ್ಲ. ಪಕ್ಕದಲ್ಲೇ ಬೋರ್ಡಿದ್ದರೂ "ಅಂಬುಜಾ, ಫ್ಯಾನು!" ಎಂದು ಒಳಗಿದ್ದವಳನ್ನು ಕೂಗುವ ಜಾತಿ. ಅವರು ಸ್ವಂತ ಬೆರಳಿನಿಂದ ಒತ್ತುತ್ತಿದ್ದದ್ದು ಈ ಕಂಪ್ಯೂಟರಿನ ಸ್ವಿಚ್ಚೊಂದನ್ನೇ. ಆ ಹಳೇ ಪ್ರಿಂಟರನ್ನು ಅವರು ಹೋದ ಮೇಲೆ ಗುಜರಿಗೆ ಹಾಕಿ ಬೇರೆಯದನ್ನು ತಂದಿದ್ದೆವು. ಹಾಗಾಗಿ ಅವರು ಇದ್ದಾರೋ ಇಲ್ಲವೋ ಎಂದು ಹೇಳಬಲ್ಲ ವಸ್ತು ಇಡೀ ಮನೆಯಲ್ಲಿ ಅದೊಂದೇ ಉಳಿದಿತ್ತು. ಬೆಳಿಗ್ಗೆ ಎದ್ದು ಮುಖ ತೊಳೆದವಳೇ ಅಕ್ಕ ಅಂಗಡಿಗೆ ಬಂದು ಅದರ ಸ್ವಿಚ್ ಒತ್ತುವಳು. ಒಳಗಿನ ಫ್ಯಾನು ಗೊರಗೊರ ಎಂದು ತಿರುಗಿದರೆ "ಇದ್ದಾರೆ" ಎಂದು ತನ್ನಷ್ಟಕ್ಕೆ ಹೇಳಿಕೊಂಡು ಕಾಫಿ ಇಡಲು ಹೋಗುವಳು. ಶುಕ್ರವಾರ ಅದಕ್ಕೆ ಅರಿಸಿನ ಕುಂಕುಮ ಬೇರೆ, ಅದೂ ಸ್ವಿಚ್ಚಿನ ಮೇಲೆಯೇ. ಅವರ ಬೆರಳು ತಾಗಿದ ಜಾಗ ಅದಂತೆ.

ಕಂಪ್ಯೂಟರು ಎಂಥದು ಅಂತೀರಿ! ಒಂದು ಫೈಲ್ ತೆರೆಯಲು ಹೇಳಿ ನಾನು ಒಳಗೆ ಹೋಗಿ ಅನ್ನಕ್ಕೆ ಇಟ್ಟು ಬರಬಹುದು. ಹೊಸದು ತರೋಣ ಎಂದಾಗಲೆಲ್ಲ ಅಕ್ಕ "ಇದು ಇರೋವರೆಗೂ ಬೇಡ" ಎನ್ನುವಳು. ಹಳೆಯದನ್ನು ಪಕ್ಕಕ್ಕಿಟ್ಟು ಹೊಸದರಲ್ಲಿ ಕೆಲಸ ಮಾಡ್ತೀನಿ ಎಂದರೆ "ಕೆಲಸಕ್ಕಿಲ್ಲ ಅಂತ ಅದಕ್ಕೆ ಬೇಜಾರಾದ್ರೆ?" ಎನ್ನುವಳು. ಇವಳೊಡನೆ ವಾದ ಮಾಡಿ ಗೆದ್ದವರುಂಟೇ?

ಹೀಗಿರುವಾಗ, ಕಾಳಯ್ಯನವರ ಮಗಳ ಲಗ್ನಪತ್ರಿಕೆಯನ್ನು ಪ್ರಿಂಟಿಗೆ ಕೊಡಬೇಕಿದ್ದ ದಿನ ಬೆಳಿಗ್ಗೆ, ಅಕ್ಕ ಸ್ವಿಚ್ ಒತ್ತಿದಳು. ಏನೂ ಇಲ್ಲ. ಇನ್ನೊಮ್ಮೆ ಒತ್ತಿದಳು. ಗೊರಗೊರ ಇಲ್ಲ, ದೀಪ ಇಲ್ಲ. ನಾನು ಹಲ್ಲುಜ್ಜುತ್ತಾ ಪರದೆಯ ಹತ್ತಿರ ನಿಂತಿದ್ದೆ. ಅಕ್ಕ ತಿರುಗಿ ನನ್ನ ಮುಖ ನೋಡಿ, "ವನಜ, ಹೋಗ್ಬಿಟ್ರು ಕಣೇ" ಎಂದಳು.

"ಯಾರೂ ಹೋಗಿಲ್ಲ. ಪ್ಲಗ್ ಲೂಸಾಗಿರುತ್ತೆ, ಇರು ನೋಡ್ತೀನಿ" ಎಂದು ನಾನು ಬಾಯಿ ಮುಕ್ಕಳಿಸಿ ಬಂದು ಮೇಜಿನ ಕೆಳಗೆ ತೂರಿಕೊಂಡೆ. ಪ್ಲಗ್ ಸರಿಯಾಗಿತ್ತು. ತೆಗೆದು ಮತ್ತೆ ಸಿಕ್ಕಿಸಿದೆ. ಅದೇ ಜಾಗಕ್ಕೆ ಮೊಬೈಲ್ ಚಾರ್ಜರ್ ಹಾಕಿ ನೋಡಿದೆ, ಕರೆಂಟ್ ಬರುತ್ತಿತ್ತು. ತಲೆಗೆ ಜೇಡರ ಬಲೆ ಮೆತ್ತಿಕೊಂಡು ಹೊರಗೆ ಬರುವಷ್ಟರಲ್ಲಿ ಅಕ್ಕ ಪಕ್ಕದ ಮನೆಯ ಚೆನ್ನಾಜಮ್ಮನ ಹೆಗಲ ಮೇಲೆ ತಲೆಯಿಟ್ಟು ಅಳುತ್ತಿದ್ದಳು. ಚೆನ್ನಾಜಮ್ಮ ಎಂದರೆ ನಮ್ಮ ಬೀದಿಯ ಮೈಕು. ಅವರಿಗೊಂದು ಸುದ್ದಿ ತಲುಪಿತೆಂದರೆ ಊರಿಗೆ ತಲುಪಿದಂತೆಯೇ.

"ಚೆನ್ನಾಜಮ್ಮ, ಸ್ವಲ್ಪ ತಡೀರಿ, ಇದು ಕೆಟ್ಟಿರಬಹುದು" ಎಂದೆ.

"ಅಯ್ಯೋ ಮಗಾ, ಹಂಗೇ ಅನ್ಸುತ್ತೆ ಮೊದ್ಲು. ನಮ್ಮತ್ತೆ ಹೋದಾಗ ನಾನೂ ಗ್ರೈಂಡರ್ ಕೆಟ್ಟೈತೆ ಅಂದಿದ್ದೆ" ಎಂದು ನನ್ನ ತಲೆ ಸವರಿದರು. ಕೈಗೆ ಜೇಡರ ಬಲೆ ಅಂಟಿದ್ದಕ್ಕೆ ಸೆರಗಿಗೆ ಒರೆಸಿಕೊಂಡರು.

ತಿಂಡಿಯ ಹೊತ್ತಿಗೆ ಮನೆ ತುಂಬ ಜನ. ಕಂಪ್ಯೂಟರಿನ ಮೇಲೆ ಯಾರೋ ಬಿಳಿ ಟವೆಲ್ ಹೊದಿಸಿದ್ದರು. ನಾನು ತೆಗೆಯುವುದು, ಅವರು ಹೊದಿಸುವುದು. ಬಂದವರೆಲ್ಲ ಭಾವನ ಗುಣಗಾನ ಮಾಡಿದ್ದೇ ಮಾಡಿದ್ದು. ಎಂಥಾ ಮನುಷ್ಯ, ಎಷ್ಟು ಮೃದು ಮಾತು, ಒಂದು ಇರುವೆಗೂ ನೋವು ಮಾಡಿದವರಲ್ಲ. ಮೂರು ವರ್ಷದಿಂದ "ಟೋನರ್ ಬಂತಾ?" ಎಂದು ಕಿಸಿಕಿಸಿ ನಗುತ್ತಿದ್ದವರು ಇವರೇ. ಹೂವಿನ ಅಂಗಡಿಯವಳು ಅಕ್ಕನ ಕೈ ಹಿಡಿದುಕೊಂಡು "ಅವರು ಬರಬೇಕು ಅಂತಾನೇ ಇದ್ರೇನೋ, ಯಮ ಬಿಡ್ಲಿಲ್ಲ" ಎಂದಳು. ನನಗೆ ಉರಿದುಹೋಯಿತು. ಮೂರು ವರ್ಷ ಒಂದು ಫೋನು ಮಾಡದ ಮನುಷ್ಯನಿಗೆ ಒಂದೇ ಬೆಳಿಗ್ಗೆಯಲ್ಲಿ ಇಷ್ಟೊಂದು ಮರ್ಯಾದೆ! ಅದೂ ಒಂದು ಡಬ್ಬ ಆನ್ ಆಗಲಿಲ್ಲವೆಂದು! ಹೆಣವಿಲ್ಲ, ಸುದ್ದಿಯಿಲ್ಲ, ಒಂದು ಕಾಗದವಿಲ್ಲ. ಒಬ್ಬರಾದರೂ, ಬಂದವರಲ್ಲಿ ಒಬ್ಬರಾದರೂ, "ಪ್ಲಗ್ ನೋಡಿದ್ರಾ?" ಎಂದು ಕೇಳಬಾರದೇ? ಕೇಳಿದ್ದರೆ ಕಾಲು ತೊಳೆದು ಕಾಫಿ ಕೊಡುತ್ತಿದ್ದೆ.

ಅಕ್ಕ ಮಧ್ಯಾಹ್ನದವರೆಗೆ ಅತ್ತಳು. ಆಮೇಲೆ ತಲೆಗೆ ನೀರು ಹಾಕಿಕೊಂಡು ಮಲಗಿದಳು. ಮಲಗಿದವಳು ಎದ್ದಿದ್ದು ಮಾರನೆಯ ಬೆಳಿಗ್ಗೆ. ಮೂರು ವರ್ಷದಿಂದ ಎದುರಿನ ನಿಲ್ದಾಣಕ್ಕೆ ಬಸ್ಸು ಬಂದು ನಿಂತಾಗಲೆಲ್ಲ, ಅದು ಎಂಥ ಹೊತ್ತಾಗಲಿ, ಎದ್ದು ಕಿಟಕಿಗೆ ಹೋಗುವವಳು ಅವಳು. ಆ ದಿನ ಎಷ್ಟು ಬಸ್ಸು ಬಂದು ಹೋದವೋ, ಅವಳು ಮಗ್ಗಲು ಕೂಡ ಬದಲಿಸಲಿಲ್ಲ. ಬೆಳಿಗ್ಗೆ ಚೆನ್ನಾಜಮ್ಮ ಕಳಿಸಿದ ಉಪ್ಪಿಟ್ಟನ್ನು ಎರಡು ಸಲ ಹಾಕಿಸಿಕೊಂಡು ತಿಂದಳು. ಹೂವಿನವಳು ಮನೆ ಬಾಗಿಲಿಗೇ ಬಂದು "ಏನಾದ್ರೂ ಬೇಕಾ ಅಕ್ಕಾವ್ರೇ?" ಎಂದು ಕೇಳಿ ಹೋದಳು. ನಾನು ಇದನ್ನೆಲ್ಲ ನೋಡುತ್ತಲೇ ಇದ್ದೆ, ಆದರೆ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಇದು ಕೆಟ್ಟಿದೆ, ಸೂತಕವಲ್ಲ, ನಾನು ತೋರಿಸಿಕೊಡುತ್ತೇನೆ. ಭಾವ ಬದುಕಿರಲಿ ಎಂಬ ಪ್ರೀತಿಯೇನೂ ನನಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಸುಮ್ಮಸುಮ್ಮನೆ ನನ್ನ ಅಕ್ಕ ವಿಧವೆಯಾಗಿ ಕೂರುವುದನ್ನು ನೋಡಿಕೊಂಡು ನಾನಿರಲಾರೆ. ತಿಥಿಯ ದಿನ ಬಳೆ ತೆಗೆಸುವ ಮಾತು ಆಗಲೇ ಜಗಲಿಯಲ್ಲಿ ಶುರುವಾಗಿತ್ತು.

ರಿಪೇರಿ ದೊರೆಸ್ವಾಮಿಗೆ ಫೋನ್ ಮಾಡಿದೆ. ಊರಿನಲ್ಲಿ ಟಿವಿ, ಕಂಪ್ಯೂಟರ್ ಬಿಚ್ಚಬಲ್ಲವರು ಅವರೊಬ್ಬರೇ. ಬಂದರು. ಆದರೆ ಬ್ಯಾಗನ್ನು ಸ್ಕೂಟರಿನಲ್ಲೇ ಬಿಟ್ಟು, ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು ಬಂದರು.

"ಬಾಳೆಹಣ್ಣು ಯಾಕೆ ತಂದ್ರಿ? ಸ್ಕ್ರೂ ಡ್ರೈವರ್ ಎಲ್ಲಿ?" ಎಂದೆ.

"ಮಾತಾಡಿಸಿಕೊಂಡು ಹೋಗೋಣ ಅಂತ ಬಂದೆ ಮೇಡಂ. ರಿಪೇರಿಗಲ್ಲ" ಎಂದು ಅವರು ಮೆಟ್ಟಿಲ ಮೇಲೆಯೇ ನಿಂತರು. "ಸೂತಕದ ಮೆಷಿನ್ನು ಬಿಚ್ಚಿದ್ರೆ ಕೈಗುಣ ಹೊರಟೋಗುತ್ತೆ. ನಮ್ಮ ಗುರುಗಳು ಮೊದಲನೇ ದಿನವೇ ಹೇಳಿದ್ರು."

"ಸೂತಕ ಅಂತ ಯಾರು ಹೇಳಿದ್ದು ನಿಮಗೆ?"

"ಅಂಬುಜಕ್ಕನೇ ಹೇಳಿದ್ರಂತಲ್ಲ."

"ಅವಳೇನು ಇಂಜಿನಿಯರ್ರಾ?"

"ನಾನೂ ಅಲ್ಲ ಮೇಡಂ" ಎಂದರು ಬಹಳ ನಮ್ರತೆಯಿಂದ.

ನನಗೆ ಅಳು ಬರುವುದೊಂದು ಬಾಕಿ. ಸೂತಕದ ಯಂತ್ರಕ್ಕೂ ಕೆಟ್ಟ ಯಂತ್ರಕ್ಕೂ ಏನು ವ್ಯತ್ಯಾಸ, ಅದನ್ನಾದರೂ ಹೇಳಿ ಎಂದೆ. ಯಾರಿಗೂ ಗೊತ್ತಿಲ್ಲ ಎಂದರು. ಯಾರಾದರೂ ಬಿಚ್ಚಿ ನೋಡಿದ್ದರೆ ತಾನೇ ಗೊತ್ತಾಗುವುದು. ಆಗ ನನಗೊಂದು ಉಪಾಯ ಹೊಳೆಯಿತು.

"ಆಯ್ತು, ಇದನ್ನ ಬಿಡಿ. ಬೇರೆ ಊರಲ್ಲಿ, ಯಾರದೋ ಮನೇಲಿ, ಎಲ್ಲರೂ ಗಟ್ಟಿಮುಟ್ಟಾಗಿದ್ದಾರೆ. ಆದ್ರೆ ಕಂಪ್ಯೂಟರ್ ಆನ್ ಆಗ್ತಿಲ್ಲ. ಅಲ್ಲಿ ನೀವೇನು ಮಾಡ್ತೀರಿ?"

"ಯಾವ ಊರು ಮೇಡಂ?"

"ಯಾವುದೋ ಒಂದು ಊರು ಕಣ್ರೀ!"

ದೊರೆಸ್ವಾಮಿ ಯೋಚಿಸಿದರು. ಆಮೇಲೆ ನನಗೂ ಕಂಪ್ಯೂಟರಿಗೂ ಬೆನ್ನು ತಿರುಗಿಸಿ, ಬಸ್ ನಿಲ್ದಾಣದ ಕಡೆ ಮುಖ ಮಾಡಿ, ಅಲ್ಲಿದ್ದ ಹಸುವಿಗೆ ಹೇಳುವವರಂತೆ ಶುರು ಮಾಡಿದರು. "ಆ ಊರಲ್ಲಾದ್ರೆ ಮೊದಲು ವೈರು ಬದಲಾಯಿಸಿ ನೋಡ್ತೀವಿ. ಪ್ರಿಂಟರಿಗೂ ಅದೇ ಥರದ ವೈರು ಇರುತ್ತೆ."

ನಾನು ಓಡಿ ಪ್ರಿಂಟರಿನ ವೈರು ಕಿತ್ತು ಇದಕ್ಕೆ ಹಾಕಿದೆ. ಸ್ವಿಚ್ ಒತ್ತಿದೆ. ಇಲ್ಲ. "ಆ ಊರಲ್ಲಿ ಅದೂ ಆಗ್ಲಿಲ್ಲ ಅಂತ ಇಟ್ಕೊಳ್ಳಿ" ಎಂದು ಕೂಗಿದೆ.

"ಹಿಂಭಾಗದಲ್ಲಿ ಒಂದು ಸಣ್ಣ ಸ್ವಿಚ್ಚಿರುತ್ತೆ ಕೆಲವದಕ್ಕೆ. ಒರೆಸೋವಾಗ ಬಟ್ಟೆ ತಾಗಿ ಆಫ್ ಆಗಿರುತ್ತೆ."

ನೋಡಿದೆ. ಆನ್ ಆಗಿಯೇ ಇತ್ತು. "ಆಫ್ ಆಗಿಲ್ವಂತೆ."

"ಹಾಗಾದ್ರೆ ಪಕ್ಕದ ಮುಚ್ಚಳ ಬಿಚ್ಚಬೇಕು. ಒಳಗೆ ಹಸಿರು ಬೋರ್ಡಿನ ಮೇಲೆ ಒಂದು ಸಾಸಿವೆ ಕಾಳಿನಷ್ಟು ದೀಪ ಹತ್ತಿದೆಯಾ ನೋಡಬೇಕು. ಹತ್ತಿದ್ರೆ ಕರೆಂಟ್ ಒಳಗೆ ಬಂದಿದೆ ಅಂತ ಅರ್ಥ. ಹಾಗಿದ್ರೆ ಎದುರುಗಡೆಯ ಸ್ವಿಚ್ಚಿಂದ ಬರೋ ಎರಡು ಎಳೆ ವೈರನ್ನ ಬೋರ್ಡಿಂದ ತೆಗೆದು, ಆ ಎರಡು ಪಿನ್ನಿಗೆ ಸ್ಕ್ರೂ ಡ್ರೈವರಿನ ತುದೀನ ಒಂದು ಕ್ಷಣ ಒಟ್ಟಿಗೆ ಮುಟ್ಟಿಸಬೇಕು. ಎದ್ರೆ ತಪ್ಪೆಲ್ಲ ಸ್ವಿಚ್ಚಿಂದು." ಇಷ್ಟು ಹೇಳಿ ಅವರಿಗೆ ಹೆದರಿಕೆಯಾಯಿತೆಂದು ಕಾಣುತ್ತದೆ. "ನಾನೇನೂ ಹೇಳ್ಲಿಲ್ಲ ಮೇಡಂ" ಎಂದು ಬೇಗ ಬೇಗ ಮೆಟ್ಟಿಲಿಳಿದು ಸ್ಕೂಟರ್ ಹತ್ತಿರ ಹೋದರು. ಮತ್ತೆ ವಾಪಸ್ಸು ಬಂದು, ಬಾಳೆಹಣ್ಣಿನ ಚಿಪ್ಪನ್ನು ಮೆಟ್ಟಿಲ ಮೇಲಿಟ್ಟರು. ಅವರು ಹೋದ ಮೇಲೆ ನೋಡಿದರೆ ಹಣ್ಣಿನ ಕೆಳಗೆ ಒಂದು ಸ್ಕ್ರೂ ಡ್ರೈವರ್ ಇತ್ತು.

ಮಧ್ಯಾಹ್ನ ಜನ ಊಟಕ್ಕೆಂದು ಚದುರಿದರು. ಅಕ್ಕ ಒಳಗೆ ಮತ್ತೆ ನಿದ್ದೆ ಹೋಗಿದ್ದಳು. ನಾನು ಅಂಗಡಿಯ ಷಟರ್ ಅರ್ಧ ಎಳೆದು, ಟವೆಲ್ ಕಿತ್ತು ಬಿಸಾಕಿ, ಕಂಪ್ಯೂಟರನ್ನು ನೆಲದ ಮೇಲೆ ಮಲಗಿಸಿ ಬಿಚ್ಚಿದೆ. ಒಳಗಿನ ಧೂಳು ನೋಡಿದರೆ ಅದರಲ್ಲಿ ಸೊಪ್ಪು ಬೆಳೆಯಬಹುದಿತ್ತು. ಬಾಯಿಂದ ಊದಿ ಕಣ್ಣಿಗೆಲ್ಲ ತುಂಬಿಕೊಂಡೆ. ಯಾರನ್ನು ಬೈಯುವುದು? ಟೋನರ್ ತರಲು ಹೋದವರನ್ನು ಬೈದೆ, ಹೊಸದು ಬೇಡವೆಂದ ಅಕ್ಕನನ್ನು ಬೈದೆ, ಹಸುವಿಗೆ ಪಾಠ ಹೇಳಿದ ದೊರೆಸ್ವಾಮಿಯನ್ನೂ ಬೈದೆ. ಪ್ಲಗ್ ಹಾಕಿದೆ. ಹಸಿರು ಬೋರ್ಡಿನ ಮೂಲೆಯಲ್ಲಿ ಒಂದು ಚಿಕ್ಕ ದೀಪ ಹತ್ತಿಕೊಂಡಿತು. ಸ್ವಿಚ್ಚಿನ ಎಳೆಗಳನ್ನು ಹಿಡಿದುಕೊಂಡು ಹೋಗಿ, ಬೋರ್ಡಿನಲ್ಲಿ ಅವು ಸೇರುವ ಕಡೆ ಕಿತ್ತೆ. ಎರಡು ಪಿನ್ನು. ಸೂತಕವೇ ಆಗಿದ್ದರೆ? ಎಂದು ಆಗ ಮೊದಲ ಬಾರಿಗೆ ಅನ್ನಿಸಿತು. ನಿಜವಾಗಿಯೂ ಆ ಮನುಷ್ಯ ಎಲ್ಲೋ ಒಂದು ಕಡೆ, ಹೆಸರು ಕೇಳುವವರಿಲ್ಲದೆ ಹೋಗಿಬಿಟ್ಟಿದ್ದರೆ? ನನಗೆ ಟೈಪಿಂಗ್ ಕಲಿಸಿದವರು ಅವರೇ ಅಲ್ಲವೇ. ಒಂದು ತಪ್ಪಿಗೂ ಬೈದವರಲ್ಲ, ಅದು ಮಾತ್ರ ನಿಜ. ಸ್ಕ್ರೂ ಡ್ರೈವರಿನ ತುದಿ ಮುಟ್ಟಿಸಿದೆ.

ಗೊರಗೊರ ಎಂದಿತು.

ಫ್ಯಾನು ತಿರುಗಿತು, ಧೂಳೆಲ್ಲ ನನ್ನ ಮುಖಕ್ಕೆ ಬಂತು. ಮೇಜಿನ ಮೇಲಿನ ಮಾನಿಟರ್ ಬೆಳಗಿತು. ನಾನು ಅಲ್ಲೇ ನೆಲದ ಮೇಲೆ ಕೂತು ನಕ್ಕೆ. ಬದುಕಿದ್ದಾನೆ! ಆ ಮನುಷ್ಯ ಎಲ್ಲೋ ಬೆಚ್ಚಗೆ ಕೂತು ದೋಸೆ ತಿನ್ನುತ್ತಿದ್ದಾನೆ! ಮರುಕ್ಷಣವೇ ಸಿಟ್ಟು ಇಮ್ಮಡಿಯಾಗಿ ವಾಪಸ್ಸು ಬಂತು. ಒಂದು ಹನಿ ಕಣ್ಣೀರು ಬರುವುದರಲ್ಲಿತ್ತಲ್ಲ ನನಗೆ, ಅದಕ್ಕಾಗಿ ಇನ್ನಷ್ಟು ಸಿಟ್ಟು. ಸ್ವಿಚ್ಚಿಗೆ ಏನಾಗಿದೆ ಎಂದು ಮುಂದಿನ ಮುಚ್ಚಳ ಕಿತ್ತು ನೋಡಿದೆ. ಗುಂಡಿಯ ಹಿಂದಿನ ಸಂದಿಯಲ್ಲಿ ಅರಿಸಿನ ಕುಂಕುಮ ಇಳಿದು ಇಳಿದು, ಮೆತ್ತಿ, ಒಣಗಿ, ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ಒತ್ತಿದರೆ ಗುಂಡಿ ಒಳಗೆ ಹೋಗಲು ಜಾಗವೇ ಇರಲಿಲ್ಲ. ಇದನ್ನು ಅಕ್ಕನಿಗೆ ಹೇಳಬಾರದು ಎಂದು ಆಗಲೇ ತೀರ್ಮಾನಿಸಿದೆ. ಇಂದಿಗೂ ಹೇಳಿಲ್ಲ.

ತಲೆ ಎತ್ತಿದರೆ ಅಕ್ಕ ನಿಂತಿದ್ದಳು. ಬಸ್ಸಿನ ಹಾರನ್ನಿಗೆ ಏಳದವಳು ಆ ಗೊರಗೊರಕ್ಕೆ ಎದ್ದು ಬಂದಿದ್ದಳು. ಕೆನ್ನೆಯ ಮೇಲೆ ಚಾಪೆಯ ಗೆರೆ ಮೂಡಿತ್ತು.

"ನೋಡಿದೆಯಾ?" ಎಂದೆ ನಾನು, ಗೆದ್ದವಳಂತೆ. "ಸೂತಕ ಅಲ್ಲ, ಏನೂ ಅಲ್ಲ. ಸ್ವಿಚ್ಚು ಹಾಳಾಗಿತ್ತು ಅಷ್ಟೇ. ನಾನು ಬಡ್ಕೊಂಡೆ. ಕೇಳಿದ್ಯಾ ನನ್ನ ಮಾತು?"

ಅವಳು "ಇದ್ದಾರೆ" ಎನ್ನುವಳೆಂದು ಕಾದೆ. ಅನ್ನಲಿಲ್ಲ. ಬಂದು ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಬಿಚ್ಚಿಟ್ಟ ಕಂಪ್ಯೂಟರಿನೊಳಗೆ ತಿರುಗುತ್ತಿದ್ದ ಫ್ಯಾನನ್ನೇ ಸ್ವಲ್ಪ ಹೊತ್ತು ನೋಡಿದಳು.

"ಮೂರು ವರ್ಷ ದಿನಾ ಬೆಳಿಗ್ಗೆ ಎದ್ದು ಇದ್ದಾರೆ, ಇದ್ದಾರೆ ಅಂದೆ. ಇದ್ದೂ ಬರ್ಲಿಲ್ಲ ಅನ್ನೋದು ಒಂದು ದಿನಾನೂ ಹೊಳೀಲಿಲ್ಲ ನೋಡು" ಎಂದಳು.

ಇವಳ ಒಳ್ಳೆಯದಕ್ಕೆಂದು ನಾನು ಏನನ್ನು ರಿಪೇರಿ ಮಾಡಿ ಇವಳ ಮುಂದಿಟ್ಟಿದ್ದೇನೆ ಎಂದು ಆಗ ಅರ್ಥವಾಯಿತು. ನಾಳೆ ಬೆಳಿಗ್ಗೆ ಇವಳು ತರಕಾರಿಗೆ ಹೋಗುತ್ತಾಳೆ. ಯಾರಾದರೂ ಕೇಳುತ್ತಾರೆ. ಈ ಸಲ ಅದು ಟೋನರ್ ಬಂತಾ ಎಂದಷ್ಟೇ ಆಗಿರುವುದಿಲ್ಲ. ಗಂಡ ಬದುಕಿರುವಾಗಲೇ ಅತ್ತು ಕರೆದು ಊರಿನವರ ಉಪ್ಪಿಟ್ಟು ತಿಂದವಳು ಎಂಬುದೂ ಅದಕ್ಕೆ ಸೇರಿಕೊಳ್ಳುತ್ತದೆ.

"ಆಫ್ ಮಾಡು" ಎಂದಳು ಅಕ್ಕ.

"ಏನು?"

"ಆಫ್ ಮಾಡು ವನಜ. ತಿಥಿ ಆಗ್ಲಿ. ತಿಥಿ ಆದ್ಮೇಲೆ ಎಲ್ಲರ ಮನೇದೂ ಆನ್ ಆಗುತ್ತಲ್ಲ, ಇದೂ ಹಾಗೇ ಆಗ್ಲಿ. ಯಾರು ಕೇಳ್ತಾರೆ?"

"ತಮಾಷೆ ಮಾಡ್ತಿದ್ದೀಯಾ? ಬದುಕಿರೋರಿಗೆ ತಿಥಿ ಮಾಡ್ತೀಯಾ?"

"ನಿನ್ನೆ ಚೆನ್ನಾಗಿ ನಿದ್ದೆ ಬಂತು ಕಣೇ" ಎಂದಳು.

ನಾನು ತಲೆ ಚಚ್ಚಿಕೊಂಡೆ. ಕಾಳಯ್ಯನ ಲಗ್ನಪತ್ರಿಕೆ, ಸಾಲಾಗಿ ಕಾದಿರುವ ಅರ್ಜಿಗಳು, ಮುಚ್ಚಿದ ಅಂಗಡಿ ಎಲ್ಲ ಹೇಳಿದೆ. ಬಳ್ಳಾರಿ ಜಾಲಿಯ ಬೇಲಿಗೆ ಹೇಳಿದಂತಾಯಿತು. ಕೊನೆಗೆ, "ನಾಳೆ ಅವರು ಬಂದೇಬಿಟ್ರೆ? ಬಸ್ಸಿಳಿದು ಬಾಗಿಲಿಗೆ ಬಂದು ನಿಂತ್ರೆ ಏನು ಮಾಡ್ತೀಯಾ?" ಎಂದೆ.

ಅಕ್ಕ ಎದ್ದು ಸೀರೆಯ ಧೂಳು ಕೊಡವಿದಳು. "ಬಂದ್ರೆ ಬರ್ಲಿ. ಟೋನರ್ ತಂದಿದ್ರೆ ಇಸ್ಕೊಂಡು ಕಳಿಸು" ಎಂದು ಒಳಗೆ ಹೋದಳು.

ಮೂರು ವರ್ಷದಲ್ಲಿ ಅವಳು ಆಡಿದ ಮೊದಲ ತಮಾಷೆ ಅದು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡು ದಿನದಿಂದ ಊರಿಗೆಲ್ಲ ಕೂಗಿ ಹೇಳಲು ಹೊಂಚುತ್ತಿದ್ದ ಸತ್ಯ ನನ್ನ ಮುಂದೆ ಗೊರಗೊರ ಎನ್ನುತ್ತಿತ್ತು. ಕೈ ಚಾಚಿ ಪ್ಲಗ್ ಕಿತ್ತೆ. ಮುಚ್ಚಳ ಹಾಕಿ, ಸ್ಕ್ರೂ ಬಿಗಿದು, ಮೇಜಿನ ಮೇಲಿಟ್ಟೆ. ಬಿಸಾಕಿದ್ದ ಟವೆಲ್ಲನ್ನು ಹುಡುಕಿ ತಂದು ನಾನೇ ಹೊದಿಸಿದೆ.

ಷಟರ್ ಎತ್ತುವುದನ್ನೇ ಕಾಯುತ್ತಿದ್ದವರಂತೆ ಗಿರಣಿ ಕಾಳಯ್ಯನವರು ಬಂದರು. ಮೈಯೆಲ್ಲ ಹಿಟ್ಟು. ಮದುವೆ ಹತ್ತಿರ ಬಂತು, ಪತ್ರಿಕೆ ಹಂಚುವುದು ಯಾವಾಗ ಎಂದು ಅವರಿಗೆ ತಲೆ ಕೆಟ್ಟುಹೋಗಿತ್ತು. ಟವೆಲ್ ಹೊದ್ದ ಕಂಪ್ಯೂಟರನ್ನು ನೋಡಿದರು, ನನ್ನನ್ನು ನೋಡಿದರು, ದನಿ ತಗ್ಗಿಸಿದರು.

"ಅಲ್ಲ ವನಜಮ್ಮ, ತಪ್ಪು ತಿಳ್ಕೋಬೇಡ. ಒಂದ್ಮಾತು ಕೇಳ್ತೀನಿ. ಅದರ ಪ್ಲಗ್ಗು ಸರಿಯಾಗಿ ಕೂತದಾ ಅಂತ ನೋಡಿದ್ರಾ? ಒಂದೊಂದ್ಸಲ ಸುಮ್ನೆ ಕೆಟ್ಟಿರ್ತದೆ, ಅಲ್ವಾ?"

ನನಗೆ ಅವರ ಕುತ್ತಿಗೆ ಹಿಸುಕಬೇಕೆನಿಸಿತು. ಇಡೀ ಊರಿನಲ್ಲಿ ಆ ಮಾತು ಕೇಳಲು ಇವರೇ ಆಗಬೇಕಿತ್ತೇ, ಈಗಲೇ ಆಗಬೇಕಿತ್ತೇ! ಪರದೆಯ ಆಚೆ ಅಕ್ಕ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತು.

"ನೋಡಿದೆ ಕಾಳಯ್ಯನೋರೇ" ಎಂದೆ. "ಪ್ಲಗ್ಗು ನೋಡಿದೆ, ವೈರು ನೋಡಿದೆ, ಎಲ್ಲಾ ಬಿಚ್ಚಿ ನೋಡಿದೆ. ಮೆಷಿನ್ನಿನ ತಪ್ಪೇನೂ ಇಲ್ಲ. ನಮ್ಮ ಭಾವ ತೀರಿಕೊಂಡ್ರು."

ಕಾಳಯ್ಯನವರು ಹೆಗಲ ಮೇಲಿನ ಹಿಟ್ಟಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಒಳ್ಳೇ ಮನುಷ್ಯ" ಎಂದರು. ಆಮೇಲೆ "ತಿಥಿಗೆ ಹಿಟ್ಟು ನಾನೇ ಕಳಿಸ್ತೀನಿ, ಅಂಬುಜಮ್ಮನಿಗೆ ಹೇಳಮ್ಮ" ಎಂದು ಮೆಟ್ಟಿಲಿಳಿದು ಹೋದರು. ಒಳಗೆ ಪಾತ್ರೆಯ ಸದ್ದು ಮತ್ತೆ ಶುರುವಾಯಿತು.